ಮೊದಲ ತಲೆಮಾರಿನ ಲ್ಯಾಪ್‌ಟಾಪ್: ಕೊಳ್ಳುವುದೋ, ಕಾಯುವುದೋ?

'ತಾಳಿದವನು ಬಾಳಿಯಾನು' ಎಂಬುದು ನಮ್ಮ ಹಿರಿಯರ ಮಾತು. 'ಸಮುದ್ರದ ಅಲೆ ನಿಂತ ಮೇಲೆ ಸ್ನಾನ ಮಾಡುತ್ತೇನೆಂದರೆ ಆದೀತೆ?' ಎಂಬುದೂ ಹಿರಿಯರ ಮಾತೇ. ಎರಡೂ ನಿಜ. ಆದರೆ ಯಾವ ಮಾತು ಯಾವ ಸಂದರ್ಭಕ್ಕೆ ಸಲ್ಲುತ್ತದೆ ಎಂಬುದನ್ನು ಮಾತ್ರ ಅವರು ನಮ್ಮ ವಿವೇಚನೆಗೆ ಬಿಟ್ಟುಹೋಗಿದ್ದಾರೆ. ಹೊಸದಾಗಿ ಹೊರಬಂದಿರುವ ಬಗೆಯ ಲ್ಯಾಪ್‌ಟಾಪನ್ನು ಈಗಲೇ ಕೊಳ್ಳಬೇಕೆ, ಇಲ್ಲವೆ ಅದರ ಮುಂದಿನ ತಲೆಮಾರು ಬರುವವರೆಗೆ ಕಾಯಬೇಕೆ ಎಂಬ ಪ್ರಶ್ನೆ ಈ ವರ್ಷ ಅಂತಿಮ ತರಗತಿಯ ನಮ್ಮಲ್ಲಿ ಹಲವರನ್ನು ಕಾಡಿದೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು. ಆದರೂ ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ನಾನು ಹಿಂಜರಿಯಲಿಲ್ಲ. ಏಕೆಂದರೆ ಇದು ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ಇತಿಹಾಸಕ್ಕೂ ಅರ್ಥಶಾಸ್ತ್ರಕ್ಕೂ ಸೇರಿದ ಪ್ರಶ್ನೆಯೆಂದು ನನಗೆ ತೋರುತ್ತದೆ.

ನನ್ನ ಮಟ್ಟಿಗೆ ಇದು ಬರಿಯ ಚರ್ಚಾಕೂಟದ ವಿಷಯವೂ ಅಲ್ಲ. ಪದವಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಮ್ಮ ಮನೆಯಲ್ಲಿ ನಾನೇ ಮೊದಲಿಗ. ತಾಯಿಯವರು ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ ಬರುವ 2,000 ರೂಪಾಯಿಗಳಲ್ಲಿ ಉಳಿಸಿದ್ದು, ನನ್ನ ವಿದ್ಯಾರ್ಥಿವೇತನ, ಬೇಸಗೆ ರಜೆಯ ಸಂಪಾದನೆ, ಎಲ್ಲವೂ ಸೇರಿ 45,000 ರೂಪಾಯಿ ಕೂಡಿದೆ. ಊರಿನ ಅಂಗಡಿಯಲ್ಲಿ ಹಳೆಯ ಬಗೆಯದೊಂದು ಲ್ಯಾಪ್‌ಟಾಪಿಗೆ 43,000 ಎಂದರು. ಹೊಸ ಬಗೆಯದಕ್ಕೆ 61,000 ಎಂದರು. ಕಡಿಮೆ ಬೀಳುವ ಹಣಕ್ಕೆ ತಿಂಗಳ ಕಂತು. ಒಂದು ವರ್ಷ ತಡೆದರೆ ಇದಕ್ಕಿಂತ ಒಳ್ಳೆಯದು ಬರುತ್ತದೆಂದೂ ಅಂಗಡಿಯವರೇ ಹೇಳಿದರು. ಹೀಗೆ ಕೊಳ್ಳುವ, ಕಾಯುವ ಎರಡು ದಾರಿಗಳನ್ನೂ ಒಂದೇ ಉಸಿರಿನಲ್ಲಿ ತೋರಿಸಿದರೆ ಗಿರಾಕಿಯಾದವನು ಯೋಚಿಸದೆ ವಿಧಿಯಿಲ್ಲ.

ಮೊದಲು 'ಮೊದಲ ತಲೆಮಾರು' ಎಂದರೇನೆಂಬುದನ್ನು ತಿಳಿಯಬೇಕು. ವರ್ಷ ವರ್ಷವೂ ಹೆಸರಿನ ಮುಂದೆ ಹೊಸದೊಂದು ಅಂಕಿಯನ್ನು ಅಂಟಿಸಿಕೊಂಡು ಬರುವ ಯಂತ್ರಗಳೆಲ್ಲ ಮೊದಲ ತಲೆಮಾರಿನವಲ್ಲ. ಯಂತ್ರದ ಬುನಾದಿಯೇ ಬದಲಾದಾಗ ಮಾತ್ರ ಆ ಹೆಸರು ಸಲ್ಲುತ್ತದೆ. ಈಗ ಆಗುತ್ತಿರುವ ಬದಲಾವಣೆ ಪ್ರೊಸೆಸರಿನದು. ಬಹುಕಾಲದಿಂದ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಪ್ರೊಸೆಸರುಗಳಿದ್ದವು. ಇವೆರಡಕ್ಕೂ ತಿಳಿಯುವ ಆಜ್ಞೆಗಳ ಭಾಷೆ ಒಂದೇ. ನಮ್ಮ ಮೊಬೈಲುಗಳಲ್ಲಿರುವ ಆರ್ಮ್ ಬಗೆಯ ಪ್ರೊಸೆಸರುಗಳ ಭಾಷೆ ಬೇರೆ. ಇವು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಹೊತ್ತು ದುಡಿಯುವ ಗುಣವುಳ್ಳವು. ಆದುದರಿಂದ ಲ್ಯಾಪ್‌ಟಾಪಿಗೂ ಬಂದವು. ಆದರೆ ಒಂದು ಭಾಷೆಗಾಗಿ ಸಿದ್ಧಪಡಿಸಿದ ಪ್ರೋಗ್ರಾಮು ಇನ್ನೊಂದರ ಮೇಲೆ ತಾನಾಗಿ ನಡೆಯುವುದಿಲ್ಲ. ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೂ ಒಂದು ಪ್ರೋಗ್ರಾಮೇ. ಅವನು ಎಷ್ಟು ಸಮರ್ಥನೋ ಹೊಸ ಯಂತ್ರ ಅಷ್ಟು ಉಪಯುಕ್ತ.

ಮೊದಲ ತಲೆಮಾರಿನ ಯಂತ್ರಗಳಲ್ಲಿ ಕುಂದುಗಳು ಹೆಚ್ಚಾಗಿ ಕಾಣುವುದಕ್ಕೆ ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು, ಕಾರ್ಖಾನೆಯಲ್ಲಿ ಎಷ್ಟೇ ಪರೀಕ್ಷೆ ಮಾಡಿದರೂ ಜನರು ಬಳಸುವ ನಾನಾ ವಿಧಗಳನ್ನೆಲ್ಲ ಅಲ್ಲಿ ಊಹಿಸಲಾಗದು; ಬೇಸಗೆಯ ಕಾವು, ಊರಿನ ಧೂಳು, ಆಗಾಗ ಕೈಕೊಡುವ ಕರೆಂಟು, ಇವೆಲ್ಲ ಪರೀಕ್ಷಕರಾಗುವುದು ಮಾರಾಟವಾದ ಮೇಲೆ. ಎರಡನೆಯದು, ಪ್ರೋಗ್ರಾಮುಗಳನ್ನು ಬರೆಯುವವರು ಯಂತ್ರವು ಸಾಕಷ್ಟು ಜನರ ಕೈ ಸೇರಿದ ಮೇಲಲ್ಲದೆ ಅದಕ್ಕಾಗಿ ಶ್ರಮಪಡುವುದು ಅಪರೂಪ. ಮೂರನೆಯದು, ಸಣ್ಣ ಊರುಗಳಲ್ಲಿ ಅದನ್ನು ಬಿಚ್ಚಿ ಕಟ್ಟಬಲ್ಲವರೂ ಬಿಡಿಭಾಗಗಳೂ ಕೂಡಲೇ ದೊರೆಯುವುದಿಲ್ಲ.

ಇನ್ನು ಇತಿಹಾಸವನ್ನು ನೋಡೋಣ. 2006ರ ಜನವರಿಯಲ್ಲಿ ಆಪಲ್ ಕಂಪನಿ ಇಂಟೆಲ್ ಪ್ರೊಸೆಸರುಳ್ಳ ತನ್ನ ಮೊದಲ ಲ್ಯಾಪ್‌ಟಾಪಾದ ಮ್ಯಾಕ್‌ಬುಕ್ ಪ್ರೊವನ್ನು ಪ್ರಕಟಿಸಿತು. ಅದರಲ್ಲಿದ್ದುದು 32 ಬಿಟ್‌ನ ಪ್ರೊಸೆಸರ್. ಅದೇ ವರ್ಷದ ಅಕ್ಟೋಬರಿನಲ್ಲಿ 64 ಬಿಟ್‌ನದು ಬಂದಿತು. ಹೊರಗಿನಿಂದ ಎರಡೂ ಅಣ್ಣತಮ್ಮಂದಿರಂತೆ ಇದ್ದವು. ಆದರೆ 2011ರಲ್ಲಿ ಬಂದ ಲಯನ್ ಎಂಬ ಕಾರ್ಯವ್ಯವಸ್ಥೆ 64 ಬಿಟ್ ಇಲ್ಲದ ಯಂತ್ರಗಳಿಗೆ ಬಾಗಿಲು ಮುಚ್ಚಿತು. ಒಂಬತ್ತು ತಿಂಗಳು ತಾಳಿದವರು ಒಳಗೆ ಹೋದರು, ಅವಸರಪಟ್ಟವರು ಹೊರಗುಳಿದರು.

2012ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ಸರ್ಫೇಸ್ ಆರ್‌ಟಿ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಕೀಲಿಮಣೆ ಜೋಡಿಸಿಕೊಂಡರೆ ಲ್ಯಾಪ್‌ಟಾಪಿನಂತೆ ಬಳಸಬಹುದಾದ ಅದರಲ್ಲಿ ಆರ್ಮ್ ಪ್ರೊಸೆಸರಿದ್ದಿತು. ಪರದೆಯ ಮೇಲೆ ಕಾಣುತ್ತಿದ್ದುದು ವಿಂಡೋಸ್; ಆದರೆ ಜನರು ವರ್ಷಗಟ್ಟಲೆ ಬಳಸಿದ್ದ ವಿಂಡೋಸ್ ಪ್ರೋಗ್ರಾಮುಗಳನ್ನು ಅದರಲ್ಲಿ ಹಾಕಿಕೊಳ್ಳುವಂತಿರಲಿಲ್ಲ. ದುಭಾಷಿಯೇ ಇರಲಿಲ್ಲ. ಮರುವರ್ಷ ಜುಲೈ ತಿಂಗಳಲ್ಲಿ ಕಂಪನಿಯು ಇದರ ಬಾಬ್ತು 90 ಕೋಟಿ ಡಾಲರುಗಳನ್ನು ನಷ್ಟವೆಂದು ಲೆಕ್ಕ ಬರೆಯಿತು. ಕಂಪನಿ ಆ ನಷ್ಟವನ್ನು ತಾಳಿಕೊಂಡು ಮುಂದೆ ನಡೆಯಿತು. ಕೂಡಿಟ್ಟ ಹಣವನ್ನೆಲ್ಲ ಅದಕ್ಕೆ ಸುರಿದ ವಿದ್ಯಾರ್ಥಿ ಎಲ್ಲಿಯಾದರೂ ಇದ್ದಿದ್ದರೆ ಅವನ ಲೆಕ್ಕವನ್ನು ಬರೆಯುವವರಾರು?

ಇಷ್ಟನ್ನು ಓದಿದವರು 'ಹಾಗಾದರೆ ಕಾಯುವುದೇ ಲೇಸು' ಎನ್ನಬಹುದು. ಅದೂ ಸರಿಯಲ್ಲ. 2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಪ್ರೊಸೆಸರುಳ್ಳ ಮ್ಯಾಕ್‌ಬುಕ್ ಏರ್ ಅನ್ನು ತಂದಿತು. ಅದೂ ಮೊದಲ ತಲೆಮಾರಿನದೇ, ಅದೂ ಆರ್ಮ್ ಬಗೆಯದೇ. ಆದರೆ ಅದು ಮೊದಲ ದಿನದಿಂದಲೇ ಚೆನ್ನಾಗಿ ನಡೆಯಿತು. ಕಾರಣವನ್ನು ಗಮನಿಸಬೇಕು. ಅಂಥ ಪ್ರೊಸೆಸರುಗಳನ್ನು ಕಂಪನಿಯು 2010ರಿಂದಲೇ ತನ್ನ ಫೋನು ಮತ್ತು ಟ್ಯಾಬ್ಲೆಟ್ಟುಗಳಲ್ಲಿ ಬಳಸಿ ಪಳಗಿತ್ತು. ಲ್ಯಾಪ್‌ಟಾಪಿನ ಹೊರಮೈ ಹಿಂದಿನ ಮಾದರಿಯದೇ ಆಗಿದ್ದಿತು. ಹಳೆಯ ಪ್ರೋಗ್ರಾಮುಗಳಿಗಾಗಿ ರೊಸೆಟಾ 2 ಎಂಬ ಒಳ್ಳೆಯ ದುಭಾಷಿಯನ್ನು ಜೊತೆಗೇ ಕೊಟ್ಟಿದ್ದರು. ಅಂದರೆ ಹೊಸತು ಒಂದೇ. ಅದೂ ಬೇರೆ ಕಡೆ ಹತ್ತು ವರ್ಷ ದುಡಿದು ಬಂದದ್ದು. ಕೊರತೆಗಳೂ ಇದ್ದವು, ಹಿಂದಿನ ಮ್ಯಾಕ್‌ಗಳಂತೆ ಅದರಲ್ಲಿ ವಿಂಡೋಸನ್ನು ನೇರವಾಗಿ ಹಾಕಿಕೊಳ್ಳುವ ಅನುಕೂಲ ಇರಲಿಲ್ಲ. ಆದರೆ ಆ ಕೊರತೆಗಳು ಕೊಳ್ಳುವ ಮೊದಲೇ ಗೊತ್ತಿದ್ದವು. ನಮ್ಮ ದೇಶದಲ್ಲಿ ಅದರ ಆರಂಭದ ಬೆಲೆ 92,900 ರೂಪಾಯಿ. ಎರಡನೆಯ ತಲೆಮಾರು ಬರಲೆಂದು ಕಾದವರು 2022ರ ಜುಲೈವರೆಗೆ ಕಾದರು. ಬಂದದ್ದರ ಬೆಲೆ 1,19,900! ಮೊದಲ ತಲೆಮಾರಿನದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ತಳ್ಳಿಹಾಕಬಾರದೆಂದು ವಾದಿಸುವುದರಲ್ಲಿ ನನಗೆ ಸ್ವಲ್ಪ ಸ್ವಾರ್ಥವೂ ಉಂಟು. ನಾನೂ ನಮ್ಮ ಮನೆಯ ಮೊದಲ ತಲೆಮಾರಿನ ಪದವೀಧರನಾಗಲಿರುವವನು.

ಕಾದರೆ ಕುಂದು ತಾನಾಗಿ ನೀಗುತ್ತದೆ ಎಂಬ ನಂಬಿಕೆಗೂ ಆಧಾರ ಸಾಲದು. 2015ರಲ್ಲಿ ಅದೇ ಆಪಲ್ ಕಂಪನಿ ಬಲು ತೆಳ್ಳಗಿನ ಲ್ಯಾಪ್‌ಟಾಪಿಗಾಗಿ 'ಚಿಟ್ಟೆ' ಕೀಲಿಮಣೆ ಎಂಬ ಹೊಸ ರಚನೆಯನ್ನು ತಂದಿತು. ಕೀಲಿಗಳ ಅಡಿಗೆ ಒಂದಿಷ್ಟು ಧೂಳು ಸೇರಿದರೂ ಅವು ಅಂಟಿಕೊಳ್ಳುತ್ತವೆ, ಇಲ್ಲವೆ ಒಂದಕ್ಕೆ ಎರಡಕ್ಷರ ಮೂಡಿಸುತ್ತವೆ ಎಂಬ ದೂರುಗಳು ಬಂದವು. ಮುಂದಿನ ಮಾದರಿಗಳಲ್ಲಿ ತಿದ್ದುಪಡಿಯ ಮೇಲೆ ತಿದ್ದುಪಡಿ ಮಾಡಿದರು. 2018ರಲ್ಲಿ ಪುಕ್ಕಟೆ ರಿಪೇರಿಯ ಏರ್ಪಾಡನ್ನೂ ಮಾಡಿದರು. ಕೊನೆಗೆ 2019ರ ನವೆಂಬರಿನಲ್ಲಿ ಹಳೆಯ ರಚನೆಗೇ ಹಿಂದಿರುಗತೊಡಗಿದರು. ಎರಡನೆಯ ತಲೆಮಾರಿಗೆ, ಮೂರನೆಯ ತಲೆಮಾರಿಗೆ ಎಂದು ಕಾದು ಕೊಂಡವರಿಗೆ ದೊರೆತುದು ಅದೇ ಚಿಟ್ಟೆ.

ಎಲ್ಲರೂ ಕಾಯುತ್ತ ಕುಳಿತರೆ ಏನಾದೀತೆಂಬುದಕ್ಕೂ ಒಂದು ಕಥೆ ಇದೆ. ತನ್ನ ಬಾಲ್ಯದ ಕೆಲವು ವರ್ಷಗಳನ್ನು ತಮಿಳುನಾಡಿನಲ್ಲಿ ಕಳೆದ ಆಡಂ ಆಸ್ಬರ್ನ್ ಎಂಬಾತ 1981ರಲ್ಲಿ ಅಮೆರಿಕದಲ್ಲಿ ಆಸ್ಬರ್ನ್ 1 ಎಂಬ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರನ್ನು 1,795 ಡಾಲರಿಗೆ ಮಾರಿದನು. ತೂಕ ಸುಮಾರು 11 ಕಿಲೋ. ಎತ್ತುವವನ ತೋಳಿಗೆ ಬಲವಿರಬೇಕಾಗಿದ್ದಿತು. ಅದು ಚೆನ್ನಾಗಿ ಮಾರಾಟವಾಗುತ್ತಿರುವಾಗಲೇ, 1983ರಲ್ಲಿ, ಇದಕ್ಕಿಂತ ಉತ್ತಮವಾದುದು ಬರಲಿದೆಯೆಂಬ ಸುದ್ದಿ ಹರಡಿತು. ಗಿರಾಕಿಗಳು ಕೈ ಕಟ್ಟಿ ನಿಂತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯೆದ್ದಿತು. ಅದರ ಪತನಕ್ಕೆ ಬೇರೆ ಕಾರಣಗಳೂ ಇದ್ದವೆಂದು ಅನಂತರದವರು ವಾದಿಸಿದ್ದಾರೆ. ಅದೇನೇ ಇರಲಿ, ನಾಳೆ ಇನ್ನೂ ಒಳ್ಳೆಯದು ಬರುತ್ತದೆ ಎಂಬುದು ಎಂದೆಂದಿಗೂ ನಿಜವಾಗಿರುವ ಮಾತು. ಎಂದೆಂದಿಗೂ ನಿಜವಾದ ಮಾತು ಕಾಯುವುದಕ್ಕೆ ಕಾರಣವಾಗಲಾರದು. ಕಾಯುವುದಿದ್ದರೆ ಗೊತ್ತಾದ ಒಂದು ವಸ್ತುವಿಗಾಗಿ, ಗೊತ್ತಾದ ಒಂದು ದಿನದವರೆಗೆ ಕಾಯಬೇಕು.

ಮಾತಿಗೆ ಬೆಲೆ ಕಟ್ಟಿ ಕೊಳ್ಳುವುದೂ ತರವಲ್ಲ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಹೊಸ ಬಗೆಯ ಲ್ಯಾಪ್‌ಟಾಪುಗಳನ್ನು ಘೋಷಿಸಿದಾಗ, ಹಿಂದೆ ಪರದೆಯ ಮೇಲೆ ಕಂಡದ್ದನ್ನೆಲ್ಲ ನೆನಪಿಟ್ಟು ಹುಡುಕಿಕೊಡುವ ರೀಕಾಲ್ ಎಂಬ ಸೌಲಭ್ಯವನ್ನು ಮುಖ್ಯ ಆಕರ್ಷಣೆಯಾಗಿ ಮುಂದಿಟ್ಟಿತು. ಗುಟ್ಟಿನ ಸಂಗತಿಗಳು ಬಯಲಾಗಬಹುದೆಂಬ ಆಕ್ಷೇಪಣೆ ಎದ್ದುದರಿಂದ ಅದನ್ನು ತಡೆಹಿಡಿದರು. ಯಂತ್ರಗಳು ಜೂನ್ ತಿಂಗಳಲ್ಲಿ ಅಂಗಡಿಗೆ ಬಂದವು. ಆ ಸೌಲಭ್ಯ ಸಾರ್ವಜನಿಕರಿಗೆ ಬಂದದ್ದು 2025ರ ಏಪ್ರಿಲಿನಲ್ಲಿ. ಅದಕ್ಕಾಗಿಯೇ ಹಣ ತೆತ್ತವರು ಹತ್ತು ತಿಂಗಳು ಮಾತನ್ನು ಮಾತ್ರ ಇಟ್ಟುಕೊಂಡಿದ್ದರು.

ಹೀಗೆ ಕಾದವರೂ ಗೆದ್ದಿದ್ದಾರೆ, ಸೋತಿದ್ದಾರೆ. ಕೊಂಡವರೂ ಗೆದ್ದಿದ್ದಾರೆ, ಸೋತಿದ್ದಾರೆ. ಆದುದರಿಂದ ಪ್ರಶ್ನೆಯನ್ನು ಯಂತ್ರಕ್ಕಿಂತ ಮೊದಲು ನಮಗೆ ಕೇಳಿಕೊಳ್ಳಬೇಕು. ರೈತಾಪಿ ಮನೆಯವರಿಗೆ ಇದು ಹೊಸ ವಿಚಾರವಲ್ಲ. ಹೊಸ ತಳಿಯ ಬೀಜ ಬಂದಾಗ ನಮ್ಮ ತಂದೆಯವರು ಅದನ್ನು ಹೀಗಳೆಯುವುದಿಲ್ಲ. ಹಾಗೆಂದು ಇಡೀ ಹೊಲಕ್ಕೆ ಬಿತ್ತುವುದೂ ಇಲ್ಲ. ಒಂದು ಮೂಲೆಯಲ್ಲಿ ಬಿತ್ತಿ, ಒಂದು ಮಳೆಗಾಲ ನೋಡುತ್ತಾರೆ. ಆದರೆ ಲ್ಯಾಪ್‌ಟಾಪನ್ನು ಮೂಲೆಯಷ್ಟು ಕೊಳ್ಳಲು ಬರುವುದಿಲ್ಲ. ಎರಡು ಮೂರು ಯಂತ್ರಗಳನ್ನು ಇಟ್ಟುಕೊಳ್ಳಬಲ್ಲವರಿಗೆ ಹೊಸದೊಂದು ಕೆಟ್ಟರೆ ಅದು ಮೂಲೆಯ ಬೆಳೆ ಹೋದಂತೆ. ನಮ್ಮಂಥವರಿಗೆ ಅದು ಇಡೀ ಹೊಲ. ನಾನು ಎರಡೂ ಯಂತ್ರಗಳ ಗುಣಗಳನ್ನು ಮನೆಯಲ್ಲಿ ಬಹಳ ಹೊತ್ತು ಬಣ್ಣಿಸಿದಾಗ ತಾಯಿಯವರು ಕೇಳಿದ್ದು ಒಂದೇ ಮಾತು: "ಎಷ್ಟು ವರ್ಷ ಬರ್ತದಪ್ಪ ಇದು?" ನಾನು ಓದಿದ ಯಾವ ವಿಮರ್ಶೆಯಲ್ಲಿಯೂ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಕಾಣಲಿಲ್ಲ.

ಆ ಪ್ರಶ್ನೆಯನ್ನೇ ಬಿಡಿಸಿದರೆ ನಾಲ್ಕಾಗುತ್ತದೆ. ಒಂದು: ನನ್ನ ಕೆಲಸಕ್ಕೆ ಯಂತ್ರ ಯಾವಾಗ ಬೇಕು? ಎಂ.ಎ. ಪ್ರವೇಶದ ಅರ್ಜಿ, ಪ್ರಾಜೆಕ್ಟ್ ವರದಿ, ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯಾಸ, ಇವೆಲ್ಲ ಈ ವರ್ಷದ ಕೆಲಸಗಳು. ಪ್ರತಿ ಪುಟಕ್ಕೂ ಬಸ್ ಹಿಡಿದು ಸೈಬರ್ ಅಂಗಡಿಗೆ ಹೋಗುವ ಹಣ ಮತ್ತು ಹೊತ್ತು ಕಾಯುವಿಕೆಯ ಬೆಲೆ. ಎರಡು: ನಾನು ಇಂದು ಬಳಸುವ ಪ್ರೋಗ್ರಾಮುಗಳು ಇಂದೇ ಅದರಲ್ಲಿ ನಡೆಯುತ್ತವೆಯೆ? ಈ ಸಂಚಿಕೆಯ ಲೇಖನಗಳನ್ನು ಅಚ್ಚುಕೂಟದವರು ನುಡಿ ತಂತ್ರಾಂಶದಲ್ಲಿಯೇ ಕೇಳುತ್ತಾರೆ. ಹೊಸ ಬಗೆಯ ವಿಂಡೋಸ್ ಯಂತ್ರಗಳಲ್ಲಿ ಈಗ ಪ್ರಿಸಂ ಎಂಬ ದುಭಾಷಿ ಇದ್ದಾನೆ. ಹಲವು ಪ್ರೋಗ್ರಾಮುಗಳನ್ನು ನಡೆಸುತ್ತಾನೆ. ಆದರೆ ಪ್ರಿಂಟರು, ಸ್ಕ್ಯಾನರುಗಳನ್ನು ಆಡಿಸುವ ಡ್ರೈವರುಗಳಿಗೆ ಅವನು ನೆರವಾಗಲಾರ. ಅವು ಆ ಪ್ರೊಸೆಸರಿಗೆಂದೇ ಬರೆದವಾಗಿರಬೇಕು. ಹಳೆಯ ಪ್ರಿಂಟರುಗಳಿಗೆ ಅಂಥವನ್ನು ಬರೆದುಕೊಡುವವರು ಯಾರು? ಆದುದರಿಂದ ಹಣ ಕೊಡುವ ಮೊದಲು ಅಂಗಡಿಯಲ್ಲಿಯೇ ಹಾಕಿಸಿ, ಒಂದು ಪುಟ ಕನ್ನಡವನ್ನು ಅಚ್ಚು ತೆಗೆಸಿ ನೋಡತಕ್ಕದ್ದು. ಮೂರು: ಅದರಲ್ಲಿ ಹೊಸತು ಎಷ್ಟು? ಒಂದು ಅಂಗ ಹೊಸದಾಗಿದ್ದರೆ ಧೈರ್ಯ ಮಾಡಬಹುದು. ಎಲ್ಲವೂ ಹೊಸದಾಗಿದ್ದರೆ ಬೇರೆಯವರು ಮೊದಲು ಬಳಸಲಿ. ನಾಲ್ಕು: ಕೆಟ್ಟರೆ ರಿಪೇರಿ ಎಲ್ಲಿ, ಮುಂದೆ ರ‍್ಯಾಮ್ ಹೆಚ್ಚಿಸಬಹುದೆ? ಈಚಿನ ಹಲವು ತೆಳ್ಳಗಿನ ಯಂತ್ರಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ. ಕೊಳ್ಳುವ ದಿನ ಇದ್ದಷ್ಟೇ ಕೊನೆಯವರೆಗೂ.

ಈ ನಾಲ್ಕನ್ನೂ ಮುಂದಿಟ್ಟುಕೊಂಡು ನೋಡಿದಾಗ ಕೊಳ್ಳುವುದೋ ಕಾಯುವುದೋ ಎಂಬ ಎರಡು ದಾರಿಗಳ ನಡುವೆ ಮೂರನೆಯದೊಂದು ಕಂಡಿತು. ಕಾಯಿಸಬಹುದಾದುದು ಹೊಸತನವನ್ನು, ಕಾಯಿಸಲಾಗದುದು ಕೆಲಸವನ್ನು. ಆದುದರಿಂದ ಪಳಗಿದ ಹಳೆಯ ಬಗೆಯದನ್ನು ಈಗಲೇ ಕೊಳ್ಳುವುದೆಂದು ನಾನು ತೀರ್ಮಾನಿಸಿದ್ದೇನೆ. ನಾನು ನೋಡಿದ 43,000 ರೂಪಾಯಿಯ ಯಂತ್ರದಲ್ಲಿ ರ‍್ಯಾಮ್ ಸೇರಿಸಲು ಒಂದು ಜಾಗ ಖಾಲಿ ಇದೆ, ನುಡಿ ನಡೆಯುತ್ತದೆ, ಕಾಲೇಜಿನ ಹಳೆಯ ಪ್ರಿಂಟರಿನ ಜೊತೆ ಅದಕ್ಕೆ ಹೊಂದಾಣಿಕೆಯಿದೆ, ಕಂತಿನ ಹೊರೆಯೂ ಇಲ್ಲ. ಅದರ ಬ್ಯಾಟರಿ ಹೊಸದರಷ್ಟು ಹೊತ್ತು ಬಾರದು, ತೂಕವೂ ತುಸು ಹೆಚ್ಚು. ಅದನ್ನು ಬಲ್ಲೆ, ಒಪ್ಪಿದ್ದೇನೆ. ಸಂಪಾದನೆಗೆ ತೊಡಗಿದ ಮೇಲೆ, ಹೊಸ ಬಗೆಯದು ಎರಡು ಮೂರು ಮಳೆಗಾಲ ಕಂಡ ಮೇಲೆ, ಅದನ್ನೂ ನೋಡಿದರಾಯಿತು.

ನನ್ನ ತೀರ್ಮಾನ ಎಲ್ಲರಿಗೂ ಒಪ್ಪಿಗೆಯಾಗಬೇಕಾಗಿಲ್ಲ. ದಿನವಿಡೀ ಕರೆಂಟಿಲ್ಲದ ಕಡೆ ದುಡಿಯಬೇಕಾದವರಿಗೆ, ಬ್ರೌಸರ್ ಒಂದರಲ್ಲಿಯೇ ಕೆಲಸವೆಲ್ಲ ಮುಗಿಯುವವರಿಗೆ, ಹೊಸದೇ ಸರಿಯಾದುದಾಗಬಹುದು. ಮುಂದಿನ ವರ್ಷ ಇದೇ ಪ್ರಶ್ನೆಯನ್ನು ಎದುರಿಸಲಿರುವ ಕಿರಿಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೇ: ಅಂಗಡಿಗೆ ಹೋಗುವಾಗ ನಿಮ್ಮ ಕೆಲಸಗಳ ಪಟ್ಟಿಯನ್ನು ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ, ಜೊತೆಗೆ, ಹಣ ಕೂಡಿಟ್ಟವರನ್ನೂ ಕರೆದುಕೊಂಡು ಹೋಗಿ.