ನೆಟ್ ಅಗ್ಗ ಅಂದವರು ಯಾರು?

"ಈಗ ನೆಟ್ ಇಲ್ಲದವರು ಯಾರದಾರ್ರೀ? ಡೇಟಾ ಅಂದ್ರ ಪುಕ್ಕಟೆ ಇದ್ದಂಗ." ಜಮಖಂಡಿಯ ಚಹಾದಂಗಡಿಯಲ್ಲಿ, ಮುಧೋಳದ ಮದುವೆ ಮಂಟಪದಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರೆಲ್ಲ ಕೂತಲ್ಲೇ ರಿಚಾರ್ಜ್ ಮಾಡಿ ಮರೆತುಬಿಡುವ ಜನ.

ಲೆಕ್ಕವನ್ನೇ ಹಾಕೋಣ. 2024ರ ಜುಲೈ 3ರಂದು ಜಾರಿಗೆ ಬಂದ ಜಿಯೊ ದರಪಟ್ಟಿಯಲ್ಲಿ ₹299 ಕೊಟ್ಟವರಿಗೆ 28 ದಿನ, ದಿನಕ್ಕೆ ಒಂದೂವರೆ ಜಿಬಿ, ಒಟ್ಟು 42 ಜಿಬಿ. ಜಿಬಿಗೆ ಏಳು ರೂಪಾಯಿ ಚಿಲ್ಲರೆ ಬಿತ್ತು. ಅಷ್ಟು ಹೊಂದಿಸಲಾಗದೆ ₹189ರ ಪ್ಯಾಕ್ ಹಾಕಿಸಿದವರಿಗೆ 28 ದಿನಕ್ಕೆಲ್ಲ ಸೇರಿ 2 ಜಿಬಿ. ಜಿಬಿಗೆ ತೊಂಬತ್ತನಾಲ್ಕೂವರೆ ರೂಪಾಯಿ. ಅದೇ ಕಂಪನಿ, ಅದೇ ಟವರ್, ಬಡವನಿಗೆ ಹದಿಮೂರು ಪಟ್ಟು ತುಟ್ಟಿ! ಸಣ್ಣ ಡೇಟಾ ಪ್ಯಾಕ್ ಇದೆಯಲ್ಲ ಎನ್ನಬೇಡಿ, ಮೂಲ ಪ್ಯಾಕಿನ ಅವಧಿ ಮುಗಿದಿದ್ದರೆ ಅದು ನಡೆಯುವುದಿಲ್ಲ. ಮೇಲಾಗಿ 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹದಿಮೂರು ರಿಚಾರ್ಜ್.

ಬನಹಟ್ಟಿಯ ನೇಕಾರರ ಓಣಿಗೆ ಬನ್ನಿ. ಮನೆಗೊಂದೇ ಸ್ಮಾರ್ಟ್‌ಫೋನ್, ಅದೂ ಮಗ್ಗಕ್ಕೆ ಹೋದ ಅಪ್ಪನ ಕಿಸೆಯಲ್ಲಿ. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಒಟಿಪಿ ಬರುವುದು ಆ ನಂಬರಿಗೇ. ಸೈಬರ್ ಸೆಂಟರಿನಿಂದ ಹುಡುಗಿ ಫೋನ್ ಹಚ್ಚಿದರೆ ಪವರ್‌ಲೂಮಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ಅಪ್ಪ ನೋಡುವಷ್ಟರಲ್ಲಿ ಒಟಿಪಿ ಕೆಟ್ಟಿರುತ್ತದೆ. ಬಟವಡೆ ತಡವಾದ ವಾರವೇ ಪ್ಯಾಕೂ ಮುಗಿದರೆ ಅರ್ಜಿ ಅಲ್ಲಿಗೇ ನಿಂತಿತು. ಸಮೀಕ್ಷೆಯವರು ಕೇಳಿದಾಗ ಮಾತ್ರ ಈ ಮನೆಯಲ್ಲಿ "ಸ್ಮಾರ್ಟ್‌ಫೋನ್ ಇದೆ".

ಪಂಚಾಯಿತಿಗೆ ಭಾರತ್‌ನೆಟ್ ಕೇಬಲ್ ಬಂದರೆ ಊರಿಗೆಲ್ಲ ನೆಟ್ ಬಂತು ಎಂಬುದೂ ತಪ್ಪು. ಅಲ್ಲಿಂದ ಮನೆಗೆ ಸಂಪರ್ಕ ಬೇಕಾದರೆ ತಿಂಗಳ ಬಿಲ್ ಕಟ್ಟಲೇಬೇಕು. ಬಡವರ ಕೈಗೆ ನೆಟ್ ಕೊಟ್ಟರೆ ರೀಲ್ಸ್ ನೋಡುತ್ತಾರೆ ಎನ್ನುವವರಿಗೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ.

ಕಣ್ಣೆದುರಿನ ಈ ಲೆಕ್ಕ ಒಪ್ಪದವರೇ "ಪ್ರಧಾನಿಯಿಂದ ಎಲ್ಲರಿಗೂ 28 ದಿನ ಉಚಿತ ರಿಚಾರ್ಜ್" ಎಂಬ ವಾಟ್ಸ್‌ಆ್ಯಪ್ ಲಿಂಕನ್ನು ಹತ್ತು ಗುಂಪಿಗೆ ಹಂಚುತ್ತಾರೆ. ಅದು ಸುಳ್ಳೆಂದು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ 2023ರಲ್ಲೇ ಹೇಳಿದೆ. ಹಂಚಿದವರಿಗೆ ಏನೂ ಆಗುವುದಿಲ್ಲ. ಆಸೆಯಿಂದ ಒತ್ತುವುದು ರಿಚಾರ್ಜಿಗೆ ಕಾಸಿಲ್ಲದವರು. ಫಾರ್ವರ್ಡ್ ಮಾಡುವ ಮುನ್ನ ಒಂದು ನಿಮಿಷ ಯೋಚಿಸಲು ನಮಗೇನು ಕಷ್ಟ?

ನಿಜವಾಗಿ ಕೈಹಿಡಿಯುವ ದಾರಿಗಳ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ರಬಕವಿಯ ಕಿರಾಣಿ ಅಂಗಡಿಯೂ ವೈಫೈ ಇಟ್ಟು ಸಣ್ಣ ಮೊತ್ತಕ್ಕೆ ಡೇಟಾ ಮಾರಬಹುದು; ಅಂಗಡಿಯವರಿಗೆ ಲೈಸೆನ್ಸ್ ಬೇಡ, ಸರ್ಕಾರಕ್ಕೆ ಶುಲ್ಕವೂ ಇಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಮಕ್ಕಳಿಗೆ ಸದಸ್ಯತ್ವ ಉಚಿತ. ಬೀಳಗಿಯ ಪುನರ್ವಸತಿ ಊರುಗಳಲ್ಲಿರುವವರು ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ಕೇಂದ್ರದ ಕಂಪ್ಯೂಟರಿಗೆ ನೆಟ್ ಬರುತ್ತದೆಯೇ, ಶಾಲೆ, ಕೂಲಿ ಮುಗಿದ ಮೇಲೆ ರಾತ್ರಿ ಎಂಟರವರೆಗೆ ಬಾಗಿಲು ತೆರೆದಿಡುತ್ತೀರಾ?