ಮುಪ್ಪಿಲ್ಲದ ಹಸು

ತಾಂಬರಂ ರೈಲು ನಿಲ್ದಾಣಕ್ಕೆ ಸಮೀಪದ ಒಂದು ಹೋಟೆಲಿನ ಮಾಳಿಗೆಯಲ್ಲಿ ನಮ್ಮವರು ಕೆಲವರು ಬಿಡಾರ ಮಾಡಿಕೊಂಡಿದ್ದಾರೆ. ಈಚೆಗೆ ಒಂದು ರಾತ್ರಿ ನಾವು ಅಲ್ಲಿಗೆ ಹೋದಾಗ ಕೆಳಗಿನ ಅಡಿಗೆಮನೆಯಲ್ಲಿ ಒಲೆ ಆರಿತ್ತು; ಗಲ್ಲಾದ ಲೆಕ್ಕವೂ ಮುಗಿದಿತ್ತು. ಕೋಣೆಯ ಮೂಲೆಯಲ್ಲಿ ಗುಮಾಸ್ತ ಮಿತ್ರರೊಬ್ಬರು ಲ್ಯಾಪ್‌ಟಾಪನ್ನು ತೊಡೆಯ ಮೇಲಿರಿಸಿಕೊಂಡು ಆಟವಾಡುತ್ತಿದ್ದರು. ಕುಂದಾಪುರದ ಕಡೆಯ ಸಪ್ಲಾಯರ್ ತರುಣನೊಬ್ಬನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದನು. ತೆರೆಯ ಮೇಲೆ ಒಂದು ಹಳ್ಳಿಮನೆ, ಅದರ ಮಗ್ಗುಲಲ್ಲಿ ಕೊಟ್ಟಿಗೆ, ಕೊಟ್ಟಿಗೆಯ ಮುಂದೆ ಒಂದು ಹಸು.

“ಇದಕ್ಕೂ ವಯಸ್ಸಾಗ್ತದಾ?” ಎಂದು ತರುಣನು ಕೇಳಿದನು.

“ಆಗ್ತದೆ. ಹಾಗೇ ಬಿಟ್ಟರೆ ಒಂದು ದಿನ ಸಾಯ್ತದೆ. ಆದರೆ ಸಾಯದ ಹಾಗೆ ಮಾಡ್ಲಿಕ್ಕೂ ಬರ್ತದೆ ಮಾರಾಯ, ಅದಕ್ಕೊಂದು ತಿನಿಸು ಉಂಟು,” ಎಂದರು ಗುಮಾಸ್ತರು.

ತರುಣನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಗೌರಿಗೆ ಅದು ಸಿಕ್ಕಿದ್ದರೆ!” ಎಂದನು. ವಿಚಾರಿಸಲಾಗಿ, ಅವನ ಮನೆಯ ಹಸು ಹೋದ ಮಳೆಗಾಲದಲ್ಲಿ ತೀರಿಕೊಂಡಿತೆಂದು ತಿಳಿಯಿತು. ತಾಯಿ ಫೋನಿನಲ್ಲಿ ಹೇಳಿದ್ದರಂತೆ. ಹೊರಡಲು ಅವನಿಗೆ ಬಿಡುವು ದೊರೆತಿರಲಿಲ್ಲ.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಸಾವನ್ನು ತಡೆಯುವ ಈ ಆಟವೇನು, ಆ ತಡೆ ಎಷ್ಟರಮಟ್ಟಿಗೆ ನಿಜ ಎಂಬುದನ್ನು ವಾಚಕರೊಡನೆ ವಿಚಾರಿಸುವುದು ಯೋಗ್ಯವೆಂದು ನಮಗೆ ತೋರಿತು.

ಆಟದ ಹೆಸರು ‘ದಿ ಸಿಮ್ಸ್’. ಇದನ್ನು ಕಲ್ಪಿಸಿದವರು ಅಮೆರಿಕದ ವಿಲ್ ರೈಟ್ ಎಂಬವರು. ೧೯೯೧ರಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡ್ ಗುಡ್ಡಗಳಲ್ಲಿ ಹಬ್ಬಿದ ಬೆಂಕಿಗೆ ಅವರ ಮನೆ ಆಹುತಿಯಾಯಿತು. ಕಳೆದುಕೊಂಡುದನ್ನು ಪುನಃ ಕೂಡಿಸಿಕೊಳ್ಳುತ್ತಿದ್ದಾಗ ಅವರಲ್ಲಿ ಮೊಳೆತ ವಿಚಾರವೇ ೨೦೦೦ದಲ್ಲಿ ಈ ಆಟವಾಗಿ ಹೊರಬಂದಿತು. ಮನೆ ಕಟ್ಟುವುದು, ಸಂಸಾರ ನಡೆಸುವುದು, ಮಕ್ಕಳನ್ನು ಬೆಳೆಸುವುದು ಇದರ ವಸ್ತು. ಇದರ ನಾಲ್ಕನೆಯ ಆವೃತ್ತಿಗೆ ೨೦೧೭ರಲ್ಲಿ ನಾಯಿ-ಬೆಕ್ಕುಗಳೂ, ‘ಕಾಟೇಜ್ ಲಿವಿಂಗ್’ ಎಂಬ ಭಾಗದೊಡನೆ ೨೦೨೧ರಲ್ಲಿ ಹಸು-ಕೋಳಿಗಳೂ ಸೇರಿದುವು.

ಇಲ್ಲಿಯ ಪ್ರಾಣಿ ರಕ್ತಮಾಂಸದ್ದಲ್ಲ. ಅಂಕೆಗಳ ಒಂದು ಕಂತೆ. ಹಸಿವಿಗೊಂದು ಅಂಕೆ, ಸಂತೋಷಕ್ಕೊಂದು, ವಯಸ್ಸಿಗೊಂದು. ಗಲ್ಲಾದಲ್ಲಿ ಕುಳಿತವರು ಪ್ರತಿದಿನವೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಕೂಡಿಸುವಂತೆ, ಆಟದ ದಿನವೊಂದು ಕಳೆದಾಗ ವಯಸ್ಸಿನ ಅಂಕೆ ಏರುತ್ತದೆ. ಗೊತ್ತಾದ ಮೇರೆಯನ್ನು ಅದು ಮುಟ್ಟಿತೆಂದರೆ ಮರಣ. ಆದುದರಿಂದ ಸಾವನ್ನು ತಡೆಯುವುದೆಂದರೆ ಆ ಕೂಡಿಸುವಿಕೆಯನ್ನು ನಿಲ್ಲಿಸುವುದಷ್ಟೆ. ಕೊಟ್ಟಿಗೆಯ ಪ್ರಾಣಿಗಳಿಗೆ ಮುಪ್ಪನ್ನು ದೂರವಿಡುವ ತಿನಿಸುಂಟು. ಅದೂ ಸಾಲದಾದರೆ, ಹಿಂದೆ ಉಳಿಸಿಟ್ಟ ಪ್ರತಿಯನ್ನು ತೆರೆದು, ಸತ್ತ ದಿನದ ಹಿಂದಿನ ದಿನಕ್ಕೆ ಮರಳಿಹೋಗಬಹುದು. ಯಮಧರ್ಮನು ಇಷ್ಟು ಸುಲಭವಾಗಿ ಹಿಂದಿರುಗಿದ ಕಥೆ ನಮ್ಮ ಪುರಾಣಗಳಲ್ಲಿಯೂ ವಿರಳ.

ಹೀಗೆ ಕಾಲವನ್ನು ತಡೆಯುವ ಯತ್ನ ಹೊಸದಲ್ಲ. ೧೯೯೬ರಲ್ಲಿ ಜಪಾನಿನ ಬಂದಾಯ್ ಸಂಸ್ಥೆ ‘ತಮಗೋಚಿ’ ಎಂಬ ಮೊಟ್ಟೆಯಾಕಾರದ ಆಟಿಕೆಯನ್ನು ಮಾರಾಟಕ್ಕಿಟ್ಟಿತು. ಅದರ ಸಣ್ಣ ತೆರೆಯಲ್ಲಿ ಒಂದು ಮರಿ. ವೇಳೆಗೆ ಸರಿಯಾಗಿ ಉಣಿಸದಿದ್ದರೆ, ಗಲೀಜು ತೆಗೆಯದಿದ್ದರೆ ಅದು ಸಾಯುತ್ತಿತ್ತು. ಶಾಲೆಗೆ ಹೋಗುವ ಮಕ್ಕಳು ಒಂದು ಉಪಾಯವನ್ನು ಕಂಡುಕೊಂಡರು: ಆಟಿಕೆಯ ಗಡಿಯಾರವನ್ನು ಹೊಂದಿಸುವ ಸ್ಥಿತಿಯಲ್ಲಿಯೇ ಬಿಟ್ಟರೆ ಕಾಲ ನಿಲ್ಲುತ್ತಿತ್ತು. ಮರಿ ಸಾಯುತ್ತಿರಲಿಲ್ಲ, ನಿಜ. ಆದರೆ ಉಣ್ಣುತ್ತಲೂ ಇರಲಿಲ್ಲ, ಆಡುತ್ತಲೂ ಇರಲಿಲ್ಲ, ಬೆಳೆಯುತ್ತಲೂ ಇರಲಿಲ್ಲ. ಸಾವನ್ನು ಹೊರಗಿಡಲು ಬಾಗಿಲು ಹಾಕಿದರೆ ಬಾಳೂ ಹೊರಗೇ ನಿಲ್ಲಬೇಕಾಯಿತು.

ಮತ್ತೊಂದು ಸಂಗತಿಯುಂಟು. ‘ಫಾರ್ಮ್‌ವಿಲ್’ ಎಂಬ ಬೇಸಾಯದ ಆಟ ನಮ್ಮ ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ೨೦೦೯ರಲ್ಲಿ ಫೇಸ್‌ಬುಕ್ಕಿನಲ್ಲಿ ಅದು ಆರಂಭವಾದಾಗ ಕಚೇರಿಗಳಲ್ಲಿ ಕಡತಗಳನ್ನು ಬದಿಗಿರಿಸಿ ಬೆಳೆ ಕೊಯ್ದವರು ಕಡಮೆಯಲ್ಲ. ಅಲ್ಲಿಯ ಬೆಳೆ ಒಣಗುತ್ತಿತ್ತು. ಹಸುಗಳಿಗೆ ಮಾತ್ರ ಮುಪ್ಪಿರಲಿಲ್ಲ. ಆದರೆ ೨೦೨೦ರ ದಶಂಬರ ೩೧ರಂದು ಆ ಆಟವನ್ನೇ ಮುಚ್ಚಲಾಯಿತು. ಅಮರವಾಗಿದ್ದ ಅಷ್ಟೂ ಹಸುಗಳು ಒಂದೇ ದಿನ ಇಲ್ಲವಾದುವು. ಆಟದ ಪ್ರಾಣಿಯ ಆಯುಸ್ಸು ಆಡುವವನ ಕೈಯಲ್ಲಿ ಇರುವಂತೆ ತೋರುತ್ತದೆ. ಆದರೆ ಇಂಥ ಆಟಗಳಲ್ಲಿ ಅದರ ಬೀಗದ ಕೈ ನಡೆಸುವ ಸಂಸ್ಥೆಯ ಬಳಿಯಿರುತ್ತದೆ.

ಯಂತ್ರದ ಪ್ರಾಣಿಗೂ ಈ ಗತಿ ತಪ್ಪಲಿಲ್ಲ. ಸೋನಿ ಸಂಸ್ಥೆ ೧೯೯೯ರಲ್ಲಿ ‘ಐಬೋ’ ಎಂಬ ಯಂತ್ರದ ನಾಯಿಯನ್ನು ಮಾರಿತು. ೨೦೦೬ರಲ್ಲಿ ಅದರ ತಯಾರಿಕೆಯನ್ನೂ, ೨೦೧೪ರಲ್ಲಿ ದುರಸ್ತಿಯನ್ನೂ ನಿಲ್ಲಿಸಿತು. ಕೆಟ್ಟುಹೋದ ನಾಯಿಗಳಿಗೆ ಜಪಾನಿನ ಚಿಬಾ ಪ್ರಾಂತದ ಕೋಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ ಉತ್ತರಕ್ರಿಯೆಗಳು ಜರುಗಿದುವು. ಅನಂತರ ಆ ನಾಯಿಗಳ ಬಿಡಿಭಾಗಗಳು ಬದುಕಿರುವ ನಾಯಿಗಳ ದುರಸ್ತಿಗೆ ಸಂದುವು. ಇದನ್ನು ಕೇಳಿ ನಗುವವರು ನಗಲಿ. ನಮಗೆ ನಗು ಬರಲಿಲ್ಲ. ಆರೈಕೆ ಮಾಡಿದ ಕೈಗೆ, ಆರೈಕೆ ಪಡೆದುದು ಯಂತ್ರವೋ ಪ್ರಾಣಿಯೋ ಎಂಬ ಭೇದ ಒಮ್ಮೆಗೇ ತಿಳಿಯುವುದಿಲ್ಲ.

ಇನ್ನು ನಿಜವಾದ ಪ್ರಾಣಿಗಳ ವಿಚಾರ. ತಾಂಬರಂನ ದಕ್ಷಿಣಕ್ಕೆ, ಜಿ.ಎಸ್.ಟಿ. ರಸ್ತೆಯ ಮೇಲೆಯೇ, ವಂಡಲೂರಿನ ಮೃಗಾಲಯವಿದೆ. ರಜೆಯ ದಿನ ನಮ್ಮವರು ಸಂಸಾರಸಮೇತ ಹೋಗಿಬರುವ ಸ್ಥಳ. ೨೦೨೧ರ ಜೂನ್ ತಿಂಗಳಲ್ಲಿ ಅಲ್ಲಿಯ ಸಿಂಹಗಳಿಗೆ ಕೋವಿಡ್ ತಗಲಿತು. ಮಾದರಿಗಳು ಪರೀಕ್ಷೆಗಾಗಿ ಭೋಪಾಲಿನವರೆಗೆ ಹೋದುವು. ವೈದ್ಯರೂ ಪಾಲಕರೂ ಶ್ರಮಿಸಿದರು. ಆದರೂ ಒಂಬತ್ತು ವರ್ಷದ ನೀಲಾ ಎಂಬ ಸಿಂಹಿಣಿಯೂ, ಕೆಲವು ದಿನಗಳ ತರುವಾಯ ಹನ್ನೆರಡು ವರ್ಷದ ಪದ್ಮನಾಥನ್ ಎಂಬ ಸಿಂಹವೂ ಅಸುನೀಗಿದುವು. ಅಲ್ಲಿ ಹಿಂದಿನ ದಿನದ ಪ್ರತಿಯನ್ನು ತೆರೆಯುವ ಉಪಾಯವಿರಲಿಲ್ಲ. ಉಳಿದ ಸಿಂಹಗಳನ್ನು ಕಾಯುವುದೊಂದೇ ಕಾರ್ಯವಾಗಿತ್ತು.

ಹಾಗಾದರೆ ಗುಮಾಸ್ತ ಮಿತ್ರರು ತಮ್ಮ ಹಸುವಿಗೆ ಆ ತಿನಿಸನ್ನು ಕೊಡಬಾರದೆ? ಧಾರಾಳವಾಗಿ ಕೊಡಲಿ. ದಿನವಿಡೀ ದುಡಿದು ಬಂದವರಿಗೆ ರಾತ್ರಿಯ ಒಂದು ಗಳಿಗೆ ದುಃಖವಿಲ್ಲದ ಹಟ್ಟಿಯೊಂದು ಇದ್ದರೆ ಅದರಲ್ಲಿ ತಪ್ಪೇನೂ ನಮಗೆ ಕಾಣದು. ನಮ್ಮ ಕಳವಳ ಬೇರೆ. ಪರಸ್ಥಳದಲ್ಲಿ ಬಾಳುವ ನಾವೆಲ್ಲರೂ, ಲ್ಯಾಪ್‌ಟಾಪ್ ಇರಲಿ ಇಲ್ಲದಿರಲಿ, ಈ ಆಟವನ್ನು ಆಡುತ್ತಲೇ ಇದ್ದೇವೆ. ಊರು ಬಿಟ್ಟ ದಿನ ಕಂಡ ಅಂಗಳ, ಬಾಗಿಲಲ್ಲಿ ನಿಂತಿದ್ದ ತಾಯಿ, ಹಟ್ಟಿಯಲ್ಲಿದ್ದ ಕರು, ಇವೆಲ್ಲ ನಮ್ಮ ಮನಸ್ಸಿನಲ್ಲಿ ಅಂದಿನಂತೆಯೇ ಇವೆ. ಅಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಆದರೆ ಊರಿನಲ್ಲಿ ಗಡಿಯಾರ ನಿಂತಿಲ್ಲ. ಕರು ಹಸುವಾಗಿ, ಹಸು ಮುದಿಯಾಗಿ, ಒಂದು ಮಳೆಗಾಲದಲ್ಲಿ ಫೋನು ಬರುತ್ತದೆ. ಮುಪ್ಪನ್ನು ತಡೆಯುವ ತಿನಿಸು ನಮ್ಮಲ್ಲಿಲ್ಲ. ಮುಪ್ಪಿನ ಕಾಲದಲ್ಲಿ ಹತ್ತಿರವಿರಲು ನಾಲ್ಕು ದಿನ ಬಿಡುವು ಮಾಡಿಕೊಳ್ಳುವುದು ಮಾತ್ರ ಸಾಧ್ಯ. ಕೆಲಸಗಾರನು ಕೇಳಿದಾಗ ಧಣಿಗಳೂ ಇದನ್ನು ನೆನೆಯಬೇಕು.

ಹೊರಡುವಾಗ ಆ ತರುಣನನ್ನು ಮಾತನಾಡಿಸಿದೆವು. ದೀಪಾವಳಿಯ ಗೋಪೂಜೆಗೆ ಊರಿಗೆ ಹೋಗಲು ರಜೆ ಒಪ್ಪಿಸಿಕೊಂಡಿದ್ದಾನಂತೆ. ಮಂಗಳೂರಿನ ರೈಲಿಗೆ ಚೀಟಿಯೂ ಆಗಿದೆಯಂತೆ.

“ಗೌರಿ ಇಲ್ಲ. ಅದರ ಕರು ಉಂಟಲ್ಲ,” ಎಂದನು.