ಸುದ್ದಿ ಮುಟ್ಟಿಸಿದವರ ಸಿನಿಮಾ

ಕಾಶಿಯ ಆಸ್ಪತ್ರೆಯೊಂದರಲ್ಲಿ ಚಿತ್ರಿಸಿದ 39 ನಿಮಿಷಗಳ ‘ಸ್ಮೈಲ್ ಪಿಂಕಿ’, ಆರೋಗ್ಯದ ವಿಷಯಕ್ಕೆ ಕ್ಯಾಮೆರಾ ಹಿಡಿಯುವ ವಿದ್ಯಾರ್ಥಿಗಳಿಗೆ ಇಂದಿಗೂ ಪಠ್ಯ

ಕಾಶಿಗೆ ಕ್ಯಾಮೆರಾ ಹೊತ್ತು ಹೋದವರ ಕಣ್ಣು ಮೊದಲು ನಿಲ್ಲುವುದು ಚಿತೆಯ ಮೇಲೆ. ರಾಬರ್ಟ್ ಗಾರ್ಡ್‌ನರ್ 1986ರ ‘ಫಾರೆಸ್ಟ್ ಆಫ್ ಬ್ಲಿಸ್’ನಲ್ಲಿ ನಿರೂಪಣೆಯಾಗಲಿ ಅಡಿಬರಹವಾಗಲಿ ಇಲ್ಲದೆ ಅಲ್ಲಿನ ಸಾವಿನ ದಿನಚರಿಯನ್ನು ಚಿತ್ರಿಸಿದರು. ರಾಜೇಶ್ ಎಸ್. ಜಾಲಾ ಅವರ ‘ಚಿಲ್ಡ್ರನ್ ಆಫ್ ದಿ ಪೈರ್’ (2008) ಮಣಿಕರ್ಣಿಕಾ ಘಾಟಿನಲ್ಲಿ ದುಡಿಯುವ ಹುಡುಗರ ಕತೆ. ಅದೇ ವರ್ಷ ತೆರೆಗೆ ಬಂದ ‘ಸ್ಮೈಲ್ ಪಿಂಕಿ’ ಮಾತ್ರ ಘಾಟಿಗೆ ಬೆನ್ನು ಹಾಕಿ ಆಸ್ಪತ್ರೆಯತ್ತ ನಡೆಯಿತು. ನಿರ್ದೇಶಕಿ ಮೇಗನ್ ಮೈಲನ್ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಓದಿದವರು.

ಊರಿಂದ ವಾರ್ಡಿಗೆ

ಪಿಂಕಿ ಸೋನ್ಕರ್ ಮಿರ್ಜಾಪುರ ಜಿಲ್ಲೆಯ ಬಡ ಮನೆಯ ಹುಡುಗಿ. ಹುಟ್ಟಿನಿಂದಲೇ ಸೀಳುತುಟಿ. ಓರಗೆಯ ಮಕ್ಕಳ ಗೇಲಿಗೆ ಶಾಲೆ ದೂರವಾಗಿತ್ತು. ಗರ್ಭದ ಮೊದಲ ಎರಡು ತಿಂಗಳಲ್ಲಿ ಮೇಲ್ದುಟಿಯ ಎರಡು ಪಕ್ಕಗಳು ಕೂಡಿಕೊಳ್ಳದಿದ್ದರೆ ಹೀಗಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಅದರ ತಪ್ಪನ್ನು ಗ್ರಹಣದ ಮೇಲೋ ಬಸುರಿಯ ಮೇಲೋ ಹೊರಿಸುವುದುಂಟು. ಸಾಮಾನ್ಯವಾಗಿ ಗಂಟೆ-ಎರಡು ಗಂಟೆಯೊಳಗೆ ಮುಗಿಯುವ ಶಸ್ತ್ರಚಿಕಿತ್ಸೆ ಇದಕ್ಕಿದೆ. ‘ಸ್ಮೈಲ್ ಟ್ರೇನ್’ ಸಂಸ್ಥೆಯ ನೆರವಿನಿಂದ ವಾರಾಣಸಿಯಲ್ಲಿ ಡಾ. ಸುಬೋಧ್ ಕುಮಾರ್ ಸಿಂಗ್ ಅದನ್ನು ಉಚಿತವಾಗಿ ಮಾಡುತ್ತಿದ್ದರು. ಆದರೆ ಪಿಂಕಿಯ ಮನೆಯವರಿಗೆ ಅದು ಗೊತ್ತಾಗಬೇಕಲ್ಲ!

ಚಿತ್ರದ ಜೀವ ಇರುವುದು ಇಲ್ಲೇ. ಸಮಾಜ ಕಾರ್ಯಕರ್ತ ಪಂಕಜ್ ಊರೂರು ತಿರುಗುತ್ತಾರೆ, ಅನುಮಾನಿಸುವ ಅಪ್ಪ-ಅಮ್ಮಂದಿರನ್ನು ಒಪ್ಪಿಸುತ್ತಾರೆ. ಆಸ್ಪತ್ರೆಗೆ ಬಂದರೆ ಅಲ್ಲಿ ಅಂಥದೇ ತುಟಿಯ ಎಷ್ಟೋ ಮಕ್ಕಳು. ತಮ್ಮ ಮನೆಗೊಂದೇ ಬಂದ ಶಾಪವೆಂದುಕೊಂಡಿದ್ದವರಿಗೆ ಧೈರ್ಯ ಹುಟ್ಟುವುದು ಆ ಸಾಲಿನಲ್ಲಿ. ಹೊಲಿಗೆ ಹಾಕುವ ಕೈಯಷ್ಟೇ ಸುದ್ದಿ ಮುಟ್ಟಿಸುವ ಕಾಲೂ ಚಿಕಿತ್ಸೆಯ ಭಾಗವೆಂದು ಚಿತ್ರ ತೋರಿಸುತ್ತದೆ, ಉಪದೇಶ ಮಾಡುವುದಿಲ್ಲ. 2009ರ ಫೆಬ್ರವರಿಯಲ್ಲಿ, ‘ಸ್ಲಮ್‌ಡಾಗ್ ಮಿಲಿಯನೇರ್’ ಎಂಟು ಆಸ್ಕರ್ ಬಾಚಿಕೊಂಡ ರಾತ್ರಿಯೇ, ಕಿರು ಸಾಕ್ಷ್ಯಚಿತ್ರದ ಆಸ್ಕರ್ ಇದಕ್ಕೆ ಬಂತು. 2013ರ ವಿಂಬಲ್ಡನ್ ಪುರುಷರ ಫೈನಲ್‌ನಲ್ಲಿ ನಾಣ್ಯ ಚಿಮ್ಮಿದವಳೂ ಇದೇ ಪಿಂಕಿ.

ಶಾಲಾ ಮಕ್ಕಳ ಆಸ್ಕರ್

ಹತ್ತು ವರ್ಷದ ನಂತರ ಅದೇ ಪ್ರಶಸ್ತಿ ಮತ್ತೆ ಉತ್ತರ ಪ್ರದೇಶದ ಕತೆಗೇ ಬಂತು. ಹಾಪುರದ ಕಾಠಿಖೇಡಾ ಹಳ್ಳಿಯ ಹೆಂಗಸರು ಸ್ಯಾನಿಟರಿ ಪ್ಯಾಡ್ ತಯಾರಿಸುವುದನ್ನು ಹೇಳುವ ‘ಪೀರಿಯಡ್. ಎಂಡ್ ಆಫ್ ಸೆಂಟೆನ್ಸ್.’ ಚಿತ್ರಕ್ಕೆ ಹಣ ಕೂಡಿಸಲು ಮುಂದಾದವರು ಲಾಸ್ ಏಂಜಲೀಸಿನ ಓಕ್‌ವುಡ್ ಶಾಲೆಯ ವಿದ್ಯಾರ್ಥಿಗಳು. ಬೆನ್ನಿಗೆ ನಿಂತವರು ಅವರ ಶಿಕ್ಷಕಿ ಮೆಲಿಸ್ಸಾ ಬರ್ಟನ್. ಪ್ಯಾಡ್ ಯಂತ್ರ ಕೊಯಮತ್ತೂರಿನ ಅರುಣಾಚಲಂ ಮುರುಗನಾಥಂ ಅವರದು. ಇಲ್ಲಿಯೂ ಕ್ಯಾಮೆರಾ ನಾಚಿಕೆಯ ಮುಖದಲ್ಲೇ ನಿಂತುಬಿಡಲಿಲ್ಲ. ಪ್ಯಾಡ್ ಮಾರಲು ಮನೆಮನೆಗೆ ಹೊರಟವರ ಹಿಂದೆ ಹೋಯಿತು.

ರೋಗಿಯ ಮುಖವನ್ನು ಹತ್ತಿರದಿಂದ ತೋರಿಸಿ ಕಣ್ಣೀರು ತರಿಸುವುದು ಸುಲಭ. ಮದ್ದು ಇದ್ದೂ ಯಾಕೆ ಮುಟ್ಟಲಿಲ್ಲ ಎಂದು ಕೇಳುವ ಚಿತ್ರಕ್ಕೆ ತಿರುಗಾಟ ಬೇಕು, ತಾಳ್ಮೆ ಬೇಕು. ವಸ್ತು ಹುಡುಕಿಕೊಂಡು ನಮ್ಮ ಕಾಲೇಜು ಹುಡುಗರು ಕಾಶಿಗೇ ಹೋಗಬೇಕಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಮಲೆನಾಡನ್ನು ಇನ್ನೂ ಬಿಟ್ಟಿಲ್ಲ. ಅದನ್ನು ಹರಡುವ ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಯಾರ ಕೈಯಿಂದ ಯಾರ ಮನೆಗೆ ಹೋಗುತ್ತದೆ, ಎಲ್ಲಿ ನಿಂತುಬಿಡುತ್ತದೆ? ಒಬ್ಬ ಆಶಾ ಕಾರ್ಯಕರ್ತೆಯ ಜೊತೆ ಕಾಡಂಚಿನ ಮನೆಗಳಿಗೆ ನಡೆದರೆ ಚಿತ್ರಕಥೆ ಅಲ್ಲೇ ಸಿಗುತ್ತದೆ.